ಚಿತ್ರ ಸರಿಯಾಗಿಯೇ ಇತ್ತು

ಡಿಶ್ ಕೂರಿಸುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ತಗಡಿನ ಮೇಲೆ ಕೈ ಊರಬೇಡಿ. ನನ್ನ ಬಲಗೈ ಅಂಗೈಯ ಚರ್ಮ ಎರಡು ಸಲ ಎದ್ದು ಹೋಗಿದೆ. ಇಂಥವನ್ನೆಲ್ಲ ಯಾರೂ ಹೇಳದಿದ್ದರೂ ಕೆಲಸವೇ ಕಲಿಸುತ್ತದೆ. ಕೆಲಸ ಕಲಿಸದ ಸಂಗತಿಯೊಂದಿದೆ. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಮೊದಲು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೆ. ಆಮೇಲೆ ಕಂಬದಿಂದ ಕಂಬಕ್ಕೆ ಕೇಬಲ್ ಎಳೆದೆ. ಕೊನೆಯ ಹದಿನೆಂಟು ವರ್ಷ ಬಳ್ಳಾರಿಯ ಒಬ್ಬ ಡೀಲರರ ಹತ್ತಿರ ಡಿಶ್ ಕೂರಿಸಿದೆ. ಅವರನ್ನು ನಾವೆಲ್ಲ ಸಾಹುಕಾರರು ಎನ್ನುತ್ತಿದ್ದೆವು. ಸಿರುಗುಪ್ಪದ ಕಡೆ ಮತ್ತು ಕುರುಗೋಡಿನ ಕಡೆ ಯಾವ ಮನೆಯಲ್ಲಿ ಟಿವಿ ಕೆಟ್ಟರೂ ಹೋಗುವವನು ನಾನೇ. ಬೈಕಿನ ಹಿಂದೆ ಡಿಶ್ ಕಟ್ಟಿಕೊಂಡು ಹೊರಟರೆ ಎದುರುಗಾಳಿಗೆ ಅದು ಹಾಯಿಯ ಹಾಗೆ ಹಿಂದಕ್ಕೆ ಎಳೆಯುತ್ತಿತ್ತು.

ನನ್ನ ತಪ್ಪುಗಳಲ್ಲಿ ನಗುವಂಥವೂ ಇವೆ. ಸಿರಿಗೇರಿಯ ಒಬ್ಬ ರೈತರ ಮನೆಯಲ್ಲಿ ಶಿವರಾತ್ರಿಯ ಸುಮಾರಿಗೆ ಡಿಶ್ ಕೂರಿಸಿದೆ. ನಮ್ಮ ಕಡೆ ಅದರ ಮುಖ ಆಗ್ನೇಯಕ್ಕೆ ಇರಬೇಕು. ಆ ದಿಕ್ಕಿನಲ್ಲಿ ಒಂದು ಬೇವಿನ ಮರ ಎಲೆ ಉದುರಿಸಿಕೊಂಡು ಬರೀ ಕೊಂಬೆಯಾಗಿ ನಿಂತಿತ್ತು. ಚಿತ್ರ ಕನ್ನಡಿಯ ಹಾಗೆ ಬಂತು. ಯುಗಾದಿ ಕಳೆದು ಮರ ಚಿಗುರಿ ದಟ್ಟವಾಯಿತು, ಚಿತ್ರ ನಿಂತುಹೋಯಿತು. ಹೋಗಿ ನೋಡಿ ತಲೆ ಕೆರೆದುಕೊಂಡೆ. ಆ ರೈತರು ಕಟ್ಟೆಯ ಮೇಲೆ ಕೂತು, "ಯಾಕಲೇ ಎರ್ರಿಸ್ವಾಮಿ, ನಿನ್ನ ಡಿಶ್‌ಗೂ ಬ್ಯಾಸಗ್ಯಾಗ ನೆಳ್ಳು ಬೇಕಾತೇನು? ಇನ್ನ ಅದಕ ಒಂದು ಹೊರಸು ಹಾಕಿಬಿಡು" ಅಂದರು. ಅಂದಿನಿಂದ ಮರ ಕಂಡರೆ ಎಲೆ ಬಂದ ಮೇಲೆ ಎಷ್ಟು ಅಗಲವಾಗುತ್ತದೆ ಎಂದು ಅಂದಾಜು ಮಾಡಿಯೇ ಮೊಳೆ ಹೊಡೆಯುತ್ತಿದ್ದೆ.

ಇನ್ನೊಂದು ಘಟನೆ ಸಿರುಗುಪ್ಪದ್ದು. ಅದರಿಂದ ನಾನು ಕಲಿತ ಪಾಠ ತಪ್ಪು ಪಾಠವಾಗಿತ್ತು. ಒಬ್ಬ ದೊಡ್ಡ ಮನೆಯ ಹಿರಿಯರು ಚಿತ್ರ ಮಸುಕಾಗಿದೆ ಎಂದು ಎರಡು ಸಲ ಫೋನ್ ಮಾಡಿಸಿದ್ದರು. ಹೋದೆ. ಸಿಗ್ನಲ್ ಅಳೆಯುವ ಮೀಟರ್ ಹಚ್ಚಿದೆ, ಎಲ್ಲ ಸರಿಯಾಗಿತ್ತು. ಮನೆಯವರೆಲ್ಲ ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ:

"ಅಜ್ಜಾರ, ಟಿವಿ ಸರಿ ಐತ್ರಿ. ನಿಮ್ಮ ಚಾಳೀಸು ಒಂದು ಸಲ ಬದ್ಲಿಸಿ ನೋಡ್ರಿ."

"ನನ್ನ ಕಣ್ಣಿಗೆ ಹೆಸರಿಡಾಕ ಬಂದೀಯೇನಲೇ? ಇಲ್ಲಿಂದ ಕಾಲುವಿ ಆಚಿ ದಂಡ್ಯಾಗಿನ ಎತ್ತು ಯಾರ ಮನೀವು ಅಂತ ಹೇಳ್ತೀನಿ ನಾನು. ನಡಿ ಆಚಿಗೆ."

ನಾನು ಬಳ್ಳಾರಿ ಮುಟ್ಟುವ ಮೊದಲೇ ದೂರು ಅಂಗಡಿ ಮುಟ್ಟಿತ್ತು. ಸಾಹುಕಾರರು ಕೆಟ್ಟ ಮನುಷ್ಯರಲ್ಲ. ಎಂದೂ ಜೋರಾಗಿ ಮಾತಾಡಿದವರಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಎರ್ರಿಸ್ವಾಮಿ, ಏನೂ ಆಗಿಲ್ಲ ಅಂತ ಹೇಳೋದು ಗಿರಾಕಿಗೆ ನೀನು ಸುಳ್ಳ ಅಂತ ಅಂದಂಗ. ಹೋದ ಮನ್ಯಾಗ ಏನರ ಒಂದು ಮಾಡಿ ಬಾ. ಒಂದು ತಿರುಪು ತಿರುವು. ಅವರ ಕಣ್ಣಿಗೆ ಕೆಲಸ ಕಾಣಬೇಕು."

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೆ. ಅದಕ್ಕೆ ತಕ್ಕ ಒಂದು ಉಪಾಯವನ್ನೂ ಕಂಡುಕೊಂಡೆ. ಚಿತ್ರ ಸರಿ ಇದ್ದರೂ ಮಾಳಿಗೆ ಹತ್ತಿ, ಡಿಶ್ಶನ್ನು ಬೇಕೆಂದೇ ಸ್ವಲ್ಪ ತಿರುಗಿಸುವುದು. ಕೆಳಗಿನಿಂದ "ಹೋತು, ಹೋತು" ಎಂದು ಕೂಗುತ್ತಾರೆ. ಐದು ನಿಮಿಷ ಬಿಟ್ಟು ಇದ್ದ ಜಾಗಕ್ಕೇ ತರುವುದು. "ಬಂತು" ಎನ್ನುತ್ತಾರೆ. ಕಳೆದುಹೋದದ್ದು ಮರಳಿ ಬಂದರೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ನೂರಾರು ಮನೆಗಳಲ್ಲಿ ಇದನ್ನು ಮಾಡಿದೆ. ಒಂದು ಮನೆಯವರೂ ಮತ್ತೆ ದೂರು ಕೊಡಲಿಲ್ಲ. ಜಾಣನೆಂದು ಹೆಸರಾಯಿತು.

ಎಚ್‌ಡಿ ಬಂದ ಮೇಲೆ ನಮ್ಮ ಮಾತಿನ ರೀತಿಯೇ ಬದಲಾಯಿತು. ಅದುವರೆಗೆ ಜನ ಕೇಳುತ್ತಿದ್ದದ್ದು ಚಿತ್ರ ಬರುತ್ತದೋ ಇಲ್ಲವೋ ಎಂಬುದೊಂದೇ. ಈಗ ಎಷ್ಟು ಸ್ಪಷ್ಟವಾಗಿ ಬರುತ್ತದೆ ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಯನ್ನು ಹುಟ್ಟಿಸಿದವರೂ ನಾವೇ. ಎಚ್‌ಡಿಗೆ ಬೆಲೆ ಬರುವುದು ನಾಲ್ಕು ಕೂಡಿದಾಗ: ಟಿವಿ ಅದಕ್ಕೆ ತಕ್ಕದ್ದಾಗಿರಬೇಕು, ಟಿವಿಗೆ ಹಚ್ಚುವ ಸೆಟ್‌ಟಾಪ್ ಡಬ್ಬಿ ಅದರದಾಗಿರಬೇಕು, ಎರಡರ ನಡುವೆ ಅದಕ್ಕೆಂದೇ ಇರುವ ತಂತಿ ಇರಬೇಕು, ಮತ್ತು ನೀವು ನೋಡುವ ಚಾನೆಲ್ಲೇ ಎಚ್‌ಡಿಯಲ್ಲಿ ಬರುತ್ತಿರಬೇಕು. ಒಂದು ತಪ್ಪಿದರೂ ಕಾಣುವುದು ಹಳೆಯ ಚಿತ್ರವೇ. ಆಗ ಕನ್ನಡದಲ್ಲಿ ಅಂಥ ಚಾನೆಲ್‌ಗಳು ಬೆರಳೆಣಿಕೆಯಷ್ಟು. ಕ್ರಿಕೆಟ್ ಇತ್ತು, ಕಾಡುಪ್ರಾಣಿಗಳದ್ದಿತ್ತು, ತೆಲುಗಿನವು ಕೆಲವು ಇದ್ದವು. ಮನೆಯಲ್ಲಿ ದಿನಾ ನೋಡುವುದು ಮೂರೋ ನಾಲ್ಕೋ ಚಾನೆಲ್. ಅವು ಎಚ್‌ಡಿಯ ಪಟ್ಟಿಯಲ್ಲಿ ಇವೆಯೇ ಎಂದು ನಾವು ತೋರಿಸುತ್ತಿರಲಿಲ್ಲ. ಹಳೆಯ ಡುಬ್ಬದ ಟಿವಿ ಇದ್ದವರಿಗೂ ಎಚ್‌ಡಿ ಡಬ್ಬಿ ಕೊಟ್ಟು, ಕೆಂಪು ಬಿಳಿ ಹಳದಿ ಮೂರು ಬಣ್ಣದ ಹಳೆಯ ತಂತಿಯನ್ನೇ ಚುಚ್ಚಿ ಬಂದಿದ್ದೇವೆ. ಅಂಗಡಿಯಲ್ಲಿ ಎರಡು ಟಿವಿ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೋರಿಸುತ್ತಿದ್ದೆವು. ಸಾದಾ ಚಾನೆಲ್ ಹಾಕಿದ ಟಿವಿಯ ಬೆಳಕನ್ನು ಬೆಳಿಗ್ಗೆಯೇ ಇಳಿಸಿ ಇಡುವುದು ನನ್ನ ಕೆಲಸವಾಗಿತ್ತು.

ಹಾಗೆಂದು ಎಚ್‌ಡಿ ಮೋಸದ್ದು ಎಂದು ತಿಳಿಯಬೇಡಿ. ಸಿರುಗುಪ್ಪದಲ್ಲಿ ನಿವೃತ್ತರಾದ ಡ್ರಿಲ್ ಮಾಸ್ತರರೊಬ್ಬರ ಮನೆಯಲ್ಲಿ ನಾಲ್ಕೂ ಸರಿಯಾಗಿ ಕೂಡಿಸಿ ಕ್ರಿಕೆಟ್ ಹಾಕಿದೆ. ಅವರು ಎದ್ದು ಟಿವಿಯ ಹತ್ತಿರ ಹೋಗಿ ನಿಂತರು. "ಹುಲ್ಲಿನ ಎಸಳು ಬ್ಯಾರೆ ಬ್ಯಾರೆ ಕಾಣಾಕತ್ತೈತಲ್ಲಪಾ. ಇವನ ಅಂಗಿ ನೋಡು, ಬೆವರಿಗೆ ತೊಯ್ದೈತಿ. ಇಷ್ಟಕ್ಕ ಇಷ್ಟು ಬೆವರಿದ್ರ ನಮ್ಮ ಸಿರುಗುಪ್ಪಕ್ಕ ಬಂದು ಆಡ್ತಾನೇನು?" ಅಂದರು. ಅವರ ಮುಖದಲ್ಲಿದ್ದ ಸಂತೋಷ ನಿಜವಾದದ್ದು. ಆ ದಿನ ನನಗೂ ನನ್ನ ಕೆಲಸ ದೊಡ್ಡದೆನಿಸಿತು.

ಇನ್ನು ಕುರುಗೋಡಿನ ಮಾತು. ಇದನ್ನು ಮನೆಯಲ್ಲಿ ಹೆಂಡತಿಗೂ ಬಹಳ ದಿನ ಹೇಳಿರಲಿಲ್ಲ.

ಹುಲಿಗೆಮ್ಮ ಅಲ್ಲಿ ಮನೆಯಲ್ಲಿಯೇ ಬಟ್ಟೆ ಹೊಲಿಯುವ ಹೆಣ್ಣುಮಗಳು. ಐವತ್ತರ ಸುಮಾರು ವಯಸ್ಸು. ಊರಿನ ಮದುವೆಗಳ ಜಂಪರುಗಳಲ್ಲಿ ಹೆಚ್ಚಿನವು ಅವಳ ಕೈಯವೇ. ಅವಳ ಗಂಡ ಗಾದಿಲಿಂಗಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಿಷನ್ನು ಬಾಗಿಲ ಬೆಳಕಿಗೆ, ಟಿವಿ ಎದುರಿನ ಗೂಡಿನಲ್ಲಿ. ಕೈಯಲ್ಲಿ ಹೆಮ್ಮಿಂಗ್ ಹಾಕುತ್ತ, ನಡುನಡುವೆ ತಲೆಯೆತ್ತಿ ಧಾರಾವಾಹಿ ನೋಡುವುದು ಅವಳ ಮಧ್ಯಾಹ್ನದ ರೂಢಿ. ಅವಳು ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಗಿರಾಕಿ ಹೆಣ್ಣುಮಕ್ಕಳು ವಯಸ್ಸಿನಲ್ಲಿ ಚಿಕ್ಕವರಾದರೂ ಅಕ್ಕಾ ಎನ್ನುವುದು ನಮ್ಮ ಕೆಲಸದ ಪದ್ಧತಿ.

"ಟಿವಿ ಪರದ್ಯಾಗ ಎಡಗಡಿ ಮೂಲಿ ತಿಂದುಹೋಗೈತಣ್ಣ" ಎಂದಳು ಮೊದಲ ಸಲ. "ಕೆಳಗ ಓಡೋ ಅಕ್ಷರಾನೂ ಅರ್ಧಂಬರ್ಧ ಕಾಣ್ತಾವ."

ನಾನು ನೋಡಿದೆ. ಹಳೆಯ ಡುಬ್ಬದ ಟಿವಿ. ಆದರೆ ಚಿತ್ರ ತುಂಬಿಕೊಂಡು ಬಂದಿತ್ತು. ಎಡಮೂಲೆಯಲ್ಲಿ ಏನೂ ಆಗಿರಲಿಲ್ಲ. ಗಾದಿಲಿಂಗಪ್ಪ ಊಟಕ್ಕೆ ಬಂದವನು ತಾಟಿನ ಮುಂದಿನಿಂದಲೇ ಹೇಳಿದ:

"ನನಗ ಎಲ್ಲಾ ಕಾಣ್ತೈತಿ. ಆ ಮೂಲ್ಯಾಗ ಅತ್ತಿ ನಿಂತಿರ್ತಾಳ ನೋಡಣ್ಣ, ಅದಕ ಈಕಿಗೆ ಆ ಮೂಲಿ ಕಾಣವಲ್ದು."

"ಸುಮ್ಕ ಉಣ್ಣು. ನಿಮ್ಮವ್ವನ್ನ ಇಪ್ಪತ್ತು ವರ್ಸ ನೋಡೀನಿ, ಟಿವ್ಯಾಗಿನ ಅತ್ತಿ ಯಾವ ಲೆಕ್ಕ" ಎಂದಳು ಹುಲಿಗೆಮ್ಮ.

ನಾನೂ ನಕ್ಕೆ. ಮಾಳಿಗೆ ಹತ್ತಿ ನನ್ನ ಉಪಾಯ ಮಾಡಿದೆ. ಹೋತು, ಬಂತು. "ಈಗ ಹೆಂಗೈತಕ್ಕಾ?" ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಸ್ವಲ್ಪ ಪರವಾಗಿಲ್ಲ ಅನಸ್ತೈತಿ" ಎಂದಳು.

ಒಂದು ತಿಂಗಳಿಗೆ ಮತ್ತೆ ಫೋನ್ ಬಂತು. ಈ ಸಲ ತಂತಿ ಬದಲಿಸಿದೆ. ಅದೂ ಸರಿಯಾಗಿಯೇ ಇದ್ದ ತಂತಿ. ನಾನು ಕೆಲಸ ಮಾಡುತ್ತಿರುವಾಗ ಅವಳು ಚಹಾ ತಂದಳು. ಅವಳ ಎಡಗಡೆ ನೆಲದ ಮೇಲೆ ನನ್ನ ಸಾಮಾನಿನ ಚೀಲವಿತ್ತು. ಹಳದಿ ಬಣ್ಣದ್ದು, ದೊಡ್ಡದು. ಅವಳ ಕಾಲು ಅದಕ್ಕೆ ಬಡಿದು ಚಹಾ ಚೆಲ್ಲಿತು. "ಎಲ್ಲೆಂದರಲ್ಲಿ ಇಡ್ತೀಯಲ್ಲಣ್ಣ" ಎಂದು ತಾನೇ ನಕ್ಕಳು. ಆಮೇಲೆ ಕೂತು ಸೂಜಿ ದಾರ ಹಿಡಿದಳು. ನಾಲ್ಕು ಸಲ ತಪ್ಪಿತು. ಊಟಕ್ಕೆ ಬಂದಿದ್ದ ಗಂಡನ ಕಡೆ ಚಾಚಿದಳು. ಅವನು ಏನೂ ಹೇಳದೆ ಪೋಣಿಸಿಕೊಟ್ಟ. ಅದು ಅವರಿಬ್ಬರಿಗೆ ಆಗಲೇ ರೂಢಿಯಾಗಿದೆ ಎಂದು ನನಗೆ ತಿಳಿಯಿತು.

ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ನಾನು ಡಾಕ್ಟರಲ್ಲ, ರೋಗದ ಹೆಸರು ತಿಳಿಯದು. ಆದರೆ ತಿಂದುಹೋಗಿರುವುದು ಟಿವಿಯ ಮೂಲೆಯಲ್ಲ ಎಂದು ಗೊತ್ತಾಯಿತು. "ಅಕ್ಕಾ, ಚಿತ್ರ ಸರಿ ಐತಿ, ಕಣ್ಣು ತೋರಿಸ್ಕೋ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಿರುಗುಪ್ಪದ ಅಜ್ಜನ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಚಿತ್ರ ಸರಿ ಇದೆ ಎಂದರೆ ಹೋದ ತಿಂಗಳು ಮಾಳಿಗೆಯ ಮೇಲೆ ನಾನು ಮಾಡಿದ್ದೇನು ಎಂಬ ಪ್ರಶ್ನೆ ಬರುತ್ತದೆ ಎಂದು ಹೆದರಿದೆ. ನಾಲಿಗೆಯ ತುದಿಯ ಮಾತನ್ನು ನುಂಗಿ ಇನ್ನೊಂದು ಮಾತು ಆಡಿದೆ:

"ಅಕ್ಕಾ, ಹಳೇ ಟಿವಿ ಚಿತ್ರದ ಅಂಚು ಕತ್ತರಿಸಿಬಿಡ್ತಾವ. ಎಚ್‌ಡಿ ಹಾಕಿಸ್ಕೋ. ಅಗಲದ ಟಿವಿ ಬರ್ತೈತಿ, ಮೂಲಿ ಮೂಲೀನೂ ಕಾಣ್ತೈತಿ."

ಇದರಲ್ಲಿ ಅರ್ಧ ನಿಜವಿತ್ತು. ಹಳೆಯ ಟಿವಿಗಳು ಅಗಲದ ಚಿತ್ರದ ಅಂಚನ್ನು ನಿಜವಾಗಿಯೂ ಕತ್ತರಿಸುತ್ತವೆ. ಅಷ್ಟು ನಿಜ ಸಿಕ್ಕಿದ್ದಕ್ಕೆ ಹೇಳಲು ಧೈರ್ಯ ಬಂತು. ಅವಳು ನಂಬಿದಳು. ದಂಪತಿ ಬಳ್ಳಾರಿಗೆ ಬಂದು, ಅಂಗಡಿಯಲ್ಲಿ ಆ ಎರಡು ಟಿವಿಗಳ ಮುಂದೆ ನಿಂತು ನೋಡಿ, ಹೊಸದನ್ನು ಕೊಂಡರು.

ಮೂರನೆಯ ಸಲ ಹೋಗಿ ನಾನೇ ಜೋಡಿಸಿದೆ. ಟಿವಿ ದೊಡ್ಡದು, ಬೆಳಕು ಹೆಚ್ಚು. ಗೂಡಿನಲ್ಲಿ ಹಿಡಿಯಲಿಲ್ಲ ಎಂದು ಮಿಷನ್ನಿನ ಹತ್ತಿರದ ಗೋಡೆಗೆ ಹಾಕಿದೆ. ಅವಳು ನೋಡುತ್ತಿದ್ದ ಧಾರಾವಾಹಿಯ ಚಾನೆಲ್ಲೂ ಆ ವೇಳೆಗೆ ಎಚ್‌ಡಿಯಲ್ಲಿ ಬರುತ್ತಿತ್ತು. ನಾಲ್ಕೂ ಕೂಡಿತ್ತು. ಹುಲಿಗೆಮ್ಮ ನೋಡುತ್ತ ನೋಡುತ್ತ, "ಸೀರಿ ಅಂಚಿನ ಜರಿ ಎಳಿ ಎಳಿ ಕಾಣ್ತೈತಣ್ಣ" ಎಂದಳು. ಗಾದಿಲಿಂಗಪ್ಪ ಮುಖ ಒರೆಸಿಕೊಂಡು ಪಕ್ಕ ಬಂದು ನಿಂತ. "ನನಗೂ ಒಂದು ಡಬ್ಬಿ ಹಚ್ಚಣ್ಣ, ಈಕಿಗೆ ನಾನೂ ಚೆಂದ ಕಾಣ್ಲಿ."

"ನಿನಗ ಹಚ್ಚಿದ್ರ ಡಬ್ಬಿ ಕೆಡ್ತೈತಿ" ಎಂದಳು ಅವಳು.

ನಾನು ಹಗುರಾಗಿ ಮರಳಿದೆ. ನನ್ನ ಅನುಮಾನವೇ ತಪ್ಪಿರಬೇಕು ಎಂದುಕೊಂಡೆ. ವರ್ಷದ ತನಕ ಆ ಮನೆಯಿಂದ ದೂರು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಈಗ ಬಲ್ಲೆ. ಎಚ್‌ಡಿ ಸುಳ್ಳಾಗಿದ್ದರೆ ಅವಳು ಆ ತಿಂಗಳೇ ಬೇರೆ ದಾರಿ ಹುಡುಕುತ್ತಿದ್ದಳು. ಅದು ನಿಜವಾದದ್ದೇ ಕೆಡುಕಾಯಿತು. ಚಿತ್ರ ದೊಡ್ಡದಾಯಿತು, ಹತ್ತಿರ ಬಂತು, ಬೆಳಕು ಹೆಚ್ಚಿತು. ಮುಖ ಹೊರಳಿಸಿ ಹೊರಳಿಸಿ ನೋಡಿದರೆ, ಕಣ್ಣಿನಲ್ಲಿ ಉಳಿದಿದ್ದ ನೋಟಕ್ಕೆ ಅಷ್ಟು ಸಾಕಾಯಿತು. ಕಣ್ಣು ಒಳಗೊಳಗೇ ಹೋಗುತ್ತಿತ್ತು. ನಾನು ಕೊಟ್ಟ ಸ್ಪಷ್ಟ ಚಿತ್ರ ಅದನ್ನು ಅವಳಿಂದ ಮುಚ್ಚಿಟ್ಟಿತು.

ಮುಂದಿನ ವರ್ಷ ಒಂದು ದಿನ ಗಾದಿಲಿಂಗಪ್ಪ ಒಬ್ಬನೇ ಅಂಗಡಿಗೆ ಬಂದ.

"ಎರ್ರಿಸ್ವಾಮಣ್ಣ, ಎಚ್‌ಡಿ ಬಂದ್ ಮಾಡಿಬಿಡು. ಆಕಿ ಈಗ ಬರೇ ಕೇಳ್ತಾಳ. ಕೇಳಾಕ ಸಾದಾ ಚಾನೆಲ್ ಸಾಕಲ್ಲ?"

ಸಾಹುಕಾರರು ತಲೆಯೆತ್ತಿ ನೋಡಿದರು. ಅವನು ನಿಂತೇ ಹೇಳಿದ. ಒಂದು ಮದುಮಗಳ ಜಂಪರಿಗೆ ಹುಲಿಗೆಮ್ಮ ಎರಡೂ ಕಡೆ ಎಡತೋಳನ್ನೇ ಹಚ್ಚಿದ್ದಳಂತೆ. ಮಾರನೆಯ ದಿನ ಮಿಷನ್ನಿನ ಸೂಜಿ ಬೆರಳಿಗೆ ಇಳಿಯಿತಂತೆ. ಆಗ ಆಸ್ಪತ್ರೆಗೆ ಹೋದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ ಎಂದರು ಡಾಕ್ಟರು. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ನಡುವೆ ಬಿಲ್ಲೆಯಷ್ಟು ಉಳಿದಿದೆ. ದಿನಾ ಹನಿ ಹಾಕಿ ಅದನ್ನು ಕಾಯ್ದುಕೊಳ್ಳಬೇಕು. ಹೋದದ್ದು ಮರಳಿ ಬರುವುದಿಲ್ಲ. "ವರ್ಸದ ಹಿಂದ ಬಂದಿದ್ರ ಹೊಲಿಯೋವಷ್ಟು ಕಣ್ಣು ಉಳೀತಿತ್ತು ಅಂದ್ರು" ಎಂದ ಗಾದಿಲಿಂಗಪ್ಪ. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ: "ನೀನು ಆ ಟಿವಿ ಹಾಕಿಕೊಟ್ಟಿದ್ದಕ್ಕ ಆಕಿ ಒಂದು ವರ್ಸರ ಕಣ್ತುಂಬ ನೋಡಿದ್ಳಣ್ಣ. ಪುಣ್ಯಾ ಬರ್ತೈತಿ ನಿನಗ."

ಕಂಪ್ಯೂಟರಿನಲ್ಲಿ ಅವರ ನಂಬರು ತೆಗೆದು ಎಚ್‌ಡಿ ಚಾನೆಲ್‌ಗಳನ್ನು ಒಂದೊಂದಾಗಿ ತೆಗೆದುಹಾಕಿದೆ. ಧ್ವನಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಅವನಿಗೆ ವಿವರಿಸಿದೆ.

ಆಮೇಲೂ ಎರಡು ವರ್ಷ ಕೆಲಸ ಮಾಡಿದೆ. ಮಾಳಿಗೆ ಹತ್ತಿ ಡಿಶ್ ತಿರುಗಿಸುವುದನ್ನು ಬಿಟ್ಟೆ. ಚಿತ್ರ ಸರಿ ಇದ್ದರೆ ಸರಿ ಇದೆ ಎಂದೆ. ಅದಕ್ಕೆ ಬೈಗುಳವೂ ತಿಂದೆ. ಮಸುಕು ಎಂದವರ ಪಕ್ಕದಲ್ಲಿ ಮನೆಯ ಇನ್ನೊಬ್ಬರನ್ನು ಕೂರಿಸಿ, ಇಬ್ಬರಿಗೂ ಅದೇ ಕಾಣುತ್ತದೆಯೇ ಎಂದು ಕೇಳತೊಡಗಿದೆ. ನೀವೂ ಕೇಳಿ. ಮೀಟರಿಗಿಂತ ಅದು ಒಳ್ಳೆಯ ಪರೀಕ್ಷೆ. ಆದರೆ ಇದರಿಂದ ಕುರುಗೋಡಿನದು ಪರಿಹಾರವಾಗಲಿಲ್ಲ. ಊಟಕ್ಕೆ ಕೂತಾಗ ಗಾದಿಲಿಂಗಪ್ಪನ ಪುಣ್ಯದ ಮಾತು ನೆನಪಾಗಿ ಅರ್ಧಕ್ಕೇ ಎದ್ದು ಕೈ ತೊಳೆಯುತ್ತಿದ್ದೆ.

ನಿವೃತ್ತನಾದ ಮೇಲೆ, ಹೋದ ವರ್ಷ, ಬಸ್ ಹತ್ತಿ ಕುರುಗೋಡಿಗೆ ಹೋದೆ. ಹಗಲಿನ ಹೊತ್ತು. ಹುಲಿಗೆಮ್ಮ ಬಾಗಿಲ ಹತ್ತಿರ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಒಳಗೆ ಟಿವಿ ಮಾತಾಡುತ್ತಿತ್ತು. ನಾನು ಹೆಸರು ಹೇಳುವ ಮೊದಲೇ, "ಅಕ್ಕಾ" ಎಂದದ್ದಕ್ಕೆ ಗುರುತಿಸಿದಳು.

"ಎರ್ರಿಸ್ವಾಮಣ್ಣ ಅಲ್ಲ? ಟಿವಿ ಛಲೋ ಐತಲ್ಲಣ್ಣ. ನಾವೇನು ಫೋನ್ ಮಾಡಿಲ್ಲಲ್ಲ?"

"ಟಿವಿಗಲ್ಲಕ್ಕಾ. ನಿನ್ನ ಹತ್ರ ಒಂದು ಮಾತು ಹೇಳೋದಿತ್ತು."

ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಮಾಳಿಗೆಯ ಮೇಲೆ ಮಾಡಿದ್ದು, ಸರಿ ಇದ್ದ ತಂತಿ ಬದಲಿಸಿದ್ದು, ಅವಳ ಕಾಲಿಗೆ ಚೀಲ ಬಡಿದದ್ದನ್ನು ಕಂಡದ್ದು, ನಾಲಿಗೆಗೆ ಬಂದ ಮಾತನ್ನು ನುಂಗಿದ್ದು. ಅವಳ ಕೈ ಕಡಲೆಕಾಯಿಯ ಮೇಲೆ ನಿಂತಿತ್ತು.

"ನೀನೇನು ಡಾಕ್ಟ್ರಾ? ನಿನಗ ಹೆಂಗ ತಿಳೀತೈತಿ" ಎಂದಳು.

"ತಿಳಿದಿತ್ತಕ್ಕಾ. ಹೆಸರು ತಿಳೀದಿದ್ರೂ ಕಣ್ಣಂತ ತಿಳಿದಿತ್ತು."

ಅವಳು ಮುಖವನ್ನು ಅತ್ತಿತ್ತ ಹೊರಳಿಸಿ, ಉಳಿದಿರುವ ಆ ಸಣ್ಣ ಬಿಲ್ಲೆಯೊಳಗೆ ನನ್ನ ಮುಖವನ್ನು ಹುಡುಕಿ ಹಿಡಿದಳು.

"ಹಂಗಾರ ಅವತ್ತು ಚಿತ್ರ ಪೂರ್ತಿ ಬಂದಿತ್ತೇನು?"

"ಬಂದಿತ್ತಕ್ಕಾ."

"ಎಡಗಡಿ ಮೂಲೀನೂ?"

"ಅದೂ ಬಂದಿತ್ತು."

"ಅದನ್ನ ಅವತ್ತ ಹೇಳಿದ್ರ ನನಗ ಸಿಟ್ಟು ಬರ್ತಿತ್ತು" ಎಂದಳು ಹುಲಿಗೆಮ್ಮ. ಧ್ವನಿ ಏರಿರಲಿಲ್ಲ. "ನನ್ನ ಕಣ್ಣಿಗೆ ಏನೂ ಆಗಿಲ್ಲ ಅಂತ ನಿನ್ನ ಛಲೋತ್ನಾಗಿ ಬೈತಿದ್ದೆ. ಹೊರಗ ಹಾಕ್ತಿದ್ದೆ. ಬೈದು, ರಾತ್ರೆಲ್ಲಾ ಅದನ್ನ ನೆನಸಿ, ಮುಂಜಾನಿ ಆಸ್ಪತ್ರಿಗೆ ಹೋಗ್ತಿದ್ದೆ."

ಈಗಲಾದರೂ ಬೈಯಲಿ ಎಂದು ಕಾದು ಕೂತೆ. ಅವಳು ತಲೆ ಬಗ್ಗಿಸಿ, ಬೆರಳಿನಿಂದ ತಡಕಿ ಒಂದು ಕಾಯಿ ತೆಗೆದುಕೊಂಡು ಸುಲಿದಳು. ಆಮೇಲೆ ಇನ್ನೊಂದು.